ಕಲಬುರಗಿಯ ಬಿಸಿಲಿನಲ್ಲಿ ಪ್ರೈಮರ್: ಎರಡು ತಿಂಗಳ ಅನುಭವ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯೊಂದರಲ್ಲಿ ಕೊಂಡ, ಮೇಕಪ್‌ಗೆ ಮೊದಲು ಮುಖಕ್ಕೆ ಹಚ್ಚುವ ಸಿಲಿಕೋನ್ ಆಧಾರಿತ ಪ್ರೈಮರನ್ನು, ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬಳಸಿ ನೋಡಿದೆ. ಇದರಲ್ಲಿರುವ ಡೈಮೆಥಿಕೋನ್ ಎಂಬ ಸಿಲಿಕೋನ್ ಚರ್ಮದ ರಂಧ್ರಗಳನ್ನು ತುಂಬಿ ಮುಖವನ್ನು ನಯವಾಗಿ ತೋರಿಸುತ್ತದೆಯೇ ಹೊರತು ರಂಧ್ರಗಳನ್ನು ಕಿರಿದಾಗಿಸುವುದಿಲ್ಲ. ರಂಧ್ರಗಳು ಕಿರಿದಾಗುತ್ತವೆ ಎಂಬ ಡಬ್ಬಿಯ ಮೇಲಿನ ಮಾತನ್ನು ಅಷ್ಟರಮಟ್ಟಿಗೆ ನಂಬಬಾರದು. ಕಡಲೆಕಾಳಿನಷ್ಟನ್ನು ಮಾತ್ರ ತೆಗೆದುಕೊಂಡು, ಉಜ್ಜದೆ, ಮೂಗಿನ ಇಕ್ಕೆಲಗಳಲ್ಲಿ ಬೆರಳ ತುದಿಯಿಂದ ಒತ್ತಿ ಹಚ್ಚಿದಾಗ ಫೌಂಡೇಶನ್ ಸಮವಾಗಿ ಕೂತಿತು. ಹೆಚ್ಚು ಹಚ್ಚಿದ ದಿನ ಮಧ್ಯಾಹ್ನದ ಬೆವರಿಗೆ ಅದು ಸಣ್ಣ ಸಣ್ಣ ಉಂಡೆಗಳಾಗಿ ಕರ್ಚೀಫಿಗೆ ಬಂತು. ಬ್ಲ್ಯಾಕ್‌ಹೆಡ್‌ಗಳು ಕಡಿಮೆಯಾದದ್ದು ಇದರಿಂದಲ್ಲ, ಎಣ್ಣೆಯಲ್ಲಿ ಕರಗಿ ರಂಧ್ರದೊಳಗೆ ಇಳಿಯಬಲ್ಲ ಶೇ 2ರ ಸ್ಯಾಲಿಸಿಲಿಕ್ ಆಮ್ಲವನ್ನು ರಾತ್ರಿ ಹಚ್ಚಿದ್ದರಿಂದ. ಮದುವೆಮನೆಯ ಸಂಜೆಗೆಂದು ಪ್ರೈಮರನ್ನು ಇಟ್ಟುಕೊಳ್ಳುತ್ತೇನೆ. ಬಸ್ಸಿನಲ್ಲಿ ಓಡಾಡುವ ಹಗಲಿಗೆ ನನಗೆ ಸನ್‌ಸ್ಕ್ರೀನ್ ಸಾಕು.