270 ವಿಂಚೆಸ್ಟರಾ 280 ರೆಮಿಂಗ್ಟನ್ನಾ? ಎರಡೂ ಇಟ್ಕೊಂಡವನ ಲೆಕ್ಕ

ಕೊಲೊರಾಡೊದಲ್ಲಿ ಸೀಸನ್ ಹತ್ರ ಬಂತು ಅಂದ್ರೆ ಹೊಸದಾಗಿ ಶಿಕಾರಿಗೆ ಇಳಿಯೋ ಫ್ರೆಂಡ್ಸ್ ಇದನ್ನೇ ಕೇಳ್ತಾರೆ, ಈ ಎರಡು ಥರದ ರೈಫಲ್ ತೋಟಾಗಳಲ್ಲಿ ಯಾವ್ದು ತಗೊಳ್ಲಿ ಅಂತ. ನನ್ನ ಹತ್ರ ಎರಡರ ರೈಫಲ್ಲೂ ಇವೆ, ಎರಡರಲ್ಲೂ ಮ್ಯೂಲ್ ಡಿಯರ್ (ಇಲ್ಲಿನ ಒಂದು ಜಾತಿ ಜಿಂಕೆ) ಹೊಡ್ದಿದೀನಿ. ಗುಂಡು ತಿಂದ ಪ್ರಾಣಿಗಂತೂ ಫರಕ್ ಗೊತ್ತಾಗಲ್ಲ ಬಿಡಿ, ಫರಕ್ ಇರೋದೆಲ್ಲ ಅಂಗಡಿ ಶೆಲ್ಫಲ್ಲಿ, ಮತ್ತೆ ಮನೇಲಿ ತೋಟಾ ತುಂಬೋ ಬೆಂಚ್ ಮೇಲೆ. (ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಆದ್ಮೇಲೆ ಶಿಕಾರಿ ಮಾತೇ ಇಲ್ಲ, ಮನೇಲಿದ್ದ ಹನ್ನೆರಡು ಬೋರ್ ಕೋವಿಗೆ ಇಂಥ ಚರ್ಚೆನೂ ಇರ್ಲಿಲ್ಲ.)

ಎರಡೂ 30-06 ಅನ್ನೋ ಹಳೇ ರೈಫಲ್ ತೋಟಾದ ಕೇಸಿನ (ಮದ್ದು ತುಂಬೋ ಹಿತ್ತಾಳೆ ಕೊಳವೆ) ಕತ್ತು ಕಿರಿದು ಮಾಡಿ ಹುಟ್ಟಿದ್ವೇ. 270 ಬಂದಿದ್ದು 1925ರಲ್ಲಿ, 280 ಬಂದಿದ್ದು 1957ರಲ್ಲಿ, ಅಷ್ಟೊತ್ತಿಗೆ 270 ಬೇರು ಬಿಟ್ಟಾಗಿತ್ತು. ಅದ್ರ ಮೇಲೆ ರೆಮಿಂಗ್ಟನ್‌ನೋರು ತಮ್ಮ 740 ಸೆಮಿ ಆಟೊಮ್ಯಾಟಿಕ್‌ಗೆ ತಡೀಲಿ ಅಂತ 280ರ ಪ್ರೆಶರ್ (ಹೊಡೆದಾಗ ಒಳಗೆ ಏಳೋ ಒತ್ತಡ) 60,000 ಪಿಎಸ್‌ಐಗೆ ನಿಲ್ಲಿಸಿದ್ರು, 270ಗೆ 65,000. ಅಂಗಡಿ ತೋಟಾದಲ್ಲಿ 270ರ 130 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ ಸುಮಾರು 3,060 ಅಡಿ ವೇಗ, 280ರ 140 ಗ್ರೇನ್ 3,000. 200 ಗಜಕ್ಕೆ ಜೀರೋ ಮಾಡಿದ್ರೆ, ಅಂದ್ರೆ ಆ ದೂರದಲ್ಲಿ ಗುರಿಗೇ ಬೀಳೋ ಹಾಗೆ ಸೆಟ್ ಮಾಡಿದ್ರೆ, 300ರಲ್ಲಿ ಎರಡೂ ಆರೇಳು ಇಂಚು ಇಳಿಯತ್ತೆ, ಭುಜಕ್ಕೆ ಒದೆಯೂ ಹೆಚ್ಚುಕಮ್ಮಿ ಒಂದೇ.

ಕೈಯಲ್ಲೇ ತುಂಬೋರಿಗೆ ಮಾತ್ರ ಕಥೆ ಬೇರೆ. 270ರಲ್ಲಿ ಗುಂಡುಗಳು ಜಾಸ್ತಿ 130ರಿಂದ 150 ಗ್ರೇನ್ ಒಳಗೇ ಸುತ್ತತ್ವೆ, 280 ಅಂದ್ರೆ 7 ಎಂಎಂ, 120ರಿಂದ 175ರ ತನಕ ಏನ್ ಬೇಕೋ ಅದು ಸಿಗತ್ತೆ, ದೊಡ್ಡ ಜಿಂಕೆ ಎಲ್ಕ್‌ಗೆ ಅಂತ ನಾನು 160 ಗ್ರೇನ್ ನೋಸ್ಲರ್ ಪಾರ್ಟಿಷನ್ ಗುಂಡು ಹಾಕ್ತೀನಿ, ಅದರ ಮೇಲೆ ನಂಬಿಕೆ ಜಾಸ್ತಿ ಅಷ್ಟೆ, 270ರ 150 ಏನೂ ಕಮ್ಮಿ ಅಲ್ಲ. ಮದ್ದು ಎಚ್4831 ಒಂದೇ ಡಬ್ಬಿ ಎರಡಕ್ಕೂ ಆಗತ್ತೆ, ಎಷ್ಟು ಹಾಕ್ಬೇಕು ಅಂತ ಮಾತ್ರ ಮ್ಯಾನ್ಯುಯಲ್ ನೋಡಿ, ನನ್ನ ಕೇಳ್ಬೇಡಿ.

ಹುಷಾರಾಗಿರ್ಬೇಕಾದ್ದು ಕೇಸ್ ವಿಷ್ಯದಲ್ಲಿ. ಎರಡನ್ನೂ ಟೇಬಲ್ ಮೇಲೆ ನಿಲ್ಲಿಸಿದ್ರೆ ಬುಡ ಒಂದೇ, ಎತ್ತರ ಒಂದೇ, ಬರಿಗಣ್ಣಿಗೆ ಅವಳಿಜವಳಿ. ಆದ್ರೆ 280 ಕೇಸಿನ ಭುಜ (ಕತ್ತಿನ ಕೆಳಗೆ ಇಳಿಜಾರಾಗಿರೋ ಭಾಗ) 0.05 ಇಂಚು ಮುಂದಿದೆ, ಬೇಕಂತ್ಲೇ ಹಾಗೆ ಮಾಡಿದ್ದು, 280 ತೋಟಾ 270 ರೈಫಲಲ್ಲಿ ಹೋಗ್ಬಾರ್ದು ಅಂತ. ಉಲ್ಟಾ ಮಾತ್ರ ಹೋಗ್ಬಿಡತ್ತೆ! 270 ತೋಟಾ 280 ರೈಫಲಿನ ಚೇಂಬರಲ್ಲಿ (ತೋಟಾ ಕೂರೋ ಜಾಗ) ಸಡಿಲವಾಗಿ ಕೂತ್ಕೊಳತ್ತೆ, ಹೊಡೆದ್ರೆ ಕೇಸ್ ಸೀಳೋ ಚಾನ್ಸ್ ಇದೆ. ಅದಕ್ಕೇ ಬೆಂಚ್ ಮೇಲೆ ಒಂದ್ಸಲಕ್ಕೆ ಒಂದೇ ಥರದ ಕೇಸ್ ಇಡ್ತೀನಿ, 270ಗೆ ಕೆಂಪು ಡಬ್ಬಿ, 280ಗೆ ನೀಲಿ, ಬುಡದ ಮೇಲಿನ ಅಕ್ಷರ ಓದದೆ ಒಂದನ್ನೂ ತೋಟಾ ತುಂಬೋ ಪ್ರೆಸ್ಸಿಗೆ ಹಾಕಲ್ಲ.

ತುಂಬೋ ಸಹವಾಸ ಬೇಡ ಅನ್ನೋರು ಕಣ್ಮುಚ್ಕೊಂಡು 270 ತಗೊಳ್ಳಿ, ಯಾವ ಸಣ್ಣ ಊರಿನ ಅಂಗಡಿಗೆ ಹೋದ್ರೂ ಒಂದು ಡಬ್ಬಿ ಸಿಗತ್ತೆ, 280ಗೆ ಆ ಗ್ಯಾರಂಟಿ ಇಲ್ಲ. ತುಂಬೋ ಹುಚ್ಚಿರೋರಿಗೆ 280, ಯೋಚ್ನೆನೇ ಬೇಡ. ಸೆಕೆಂಡ್ ಹ್ಯಾಂಡ್ ಹುಡುಕೋವಾಗ ಬ್ಯಾರೆಲ್ ಮೇಲೆ 7 ಎಂಎಂ ಎಕ್ಸ್‌ಪ್ರೆಸ್ ರೆಮಿಂಗ್ಟನ್ ಅಂತ ಇದ್ರೆ ಬಿಟ್ಟು ಬರ್ಬೇಡಿ, 1979ರಲ್ಲಿ ಸ್ವಲ್ಪ ಕಾಲ 280ಗೇ ಆ ಹೆಸರು ಇಟ್ಟಿದ್ರು, ಜನ 7 ಎಂಎಂ ಮ್ಯಾಗ್ನಮ್ ಅನ್ನೋ ಬೇರೆ ತೋಟಾ ಜೊತೆ ಕನ್‌ಫ್ಯೂಸ್ ಮಾಡ್ಕೊಂಡ್ರು ಅಂತ ಮತ್ತೆ ಹಳೇ ಹೆಸರಿಗೇ ಬಂದ್ರು.