ರೆಸಾರ್ಟ್, ದಾಂಡೇಲಿ, ಕ್ಯಾಂಟೀನ್, ತಪಾಸಣಾ ಕೊಠಡಿ: ಟೀಮ್ ಬಿಲ್ಡಿಂಗ್ ಹಣ ಎಲ್ಲಿ ಗಿಟ್ಟಿತು?

ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರಲ್ಲಿ ನಾನು ಉತ್ಪಾದನಾ ಯೋಜನೆಯ ಕೆಲಸ ನೋಡಿಕೊಳ್ಳುತ್ತೇನೆ. ಮಾರ್ಚ್ ಬಂತೆಂದರೆ ಬಜೆಟ್ ಹಾಳೆಯಲ್ಲಿ ‘ಟೀಮ್ ಬಿಲ್ಡಿಂಗ್’ (ಸಿಬ್ಬಂದಿಯನ್ನು ಒಗ್ಗೂಡಿಸುವ ಚಟುವಟಿಕೆ) ಎಂಬ ಸಾಲಿನ ಮುಂದೆ ಎಷ್ಟು ಬರೆಯಬೇಕೆಂಬ ಜಟಾಪಟಿ ತಪ್ಪುವುದಿಲ್ಲ. ಲೆಕ್ಕಪತ್ರ ವಿಭಾಗಕ್ಕೆ ಅದು ದಂಡ, ಎಚ್‌.ಆರ್. ವಿಭಾಗಕ್ಕೆ ಹೂಡಿಕೆ. ವರ್ಷಗಳಿಂದ ಆ ಹಣವನ್ನು ಹಲವು ಬಗೆಯಲ್ಲಿ ಖರ್ಚು ಮಾಡಿ ನೋಡಿದ್ದೇವೆ. ಎಲ್ಲದಕ್ಕೂ ನನ್ನ ಅಳತೆಗೋಲು ಒಂದೇ: ತಪಾಸಣೆಯವರು ಒಂದು ಲಾಟ್ (ಒಟ್ಟಿಗೆ ತಯಾರಾದ ಬಿಡಿಭಾಗಗಳ ಗುಂಪು) ತಡೆಹಿಡಿದಾಗ ಉತ್ಪಾದನೆಯವರು ಎದ್ದು ಹೋಗಿ ಮಾತನಾಡುತ್ತಾರೋ, ಮೇಲಿನವರಿಗೆಲ್ಲ ಪ್ರತಿ ಹಾಕಿ ಇ-ಮೇಲ್ ಕಳಿಸುತ್ತಾರೋ?

ಮೊದಲು ಎಲ್ಲರೂ ಬಲ್ಲ ರೆಸಾರ್ಟ್. ಕನಕಪುರ ರಸ್ತೆಯಲ್ಲೋ ನಂದಿಬೆಟ್ಟದ ತಪ್ಪಲಲ್ಲೋ ಒಂದು ದಿನ, ತಲೆಗೆ ಸುಮಾರು ಎರಡು ಸಾವಿರ ರೂಪಾಯಿ. ಬಸ್ಸು ಬೇರೆ, ಮೈಕ್ ಹಿಡಿದು ಆಡಿಸುವವರ ಶುಲ್ಕ ಬೇರೆ. ಊಟೋಪಚಾರಕ್ಕೆ ಕಟ್ಟಿದ ಜಿ.ಎಸ್.ಟಿ.ಯನ್ನು ಇಂಥ ಸಂದರ್ಭದಲ್ಲಿ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಂಡು, ಹಿಂಪಡೆಯಲು ಬರುವುದಿಲ್ಲವಾದ್ದರಿಂದ ನಮ್ಮ ಲೆಕ್ಕಿಗರಿಗೆ ಅಲ್ಲಿನ ಪನ್ನೀರ್ ಟಿಕ್ಕಾ ಸ್ವಲ್ಪವೂ ರುಚಿಸುವುದಿಲ್ಲ. ಕಣ್ಣುಮುಚ್ಚಿ ಹಿಂದಕ್ಕೆ ಬೀಳುವುದು, ಸಹೋದ್ಯೋಗಿ ಹಿಡಿಯುವುದು, ಹಗ್ಗಜಗ್ಗಾಟ, ಮಳೆನೃತ್ಯ ಎಲ್ಲವೂ ಆಯಿತು. ಜನ ಮನಸಾರೆ ನಕ್ಕರು, ಅದರಲ್ಲಿ ಅನುಮಾನವಿಲ್ಲ. ಆದರೆ ಊಟದ ಹೊತ್ತಿಗೆ ಖರೀದಿಯವರು ಖರೀದಿಯವರೊಂದಿಗೆ, ವಿನ್ಯಾಸದವರು ವಿನ್ಯಾಸದವರೊಂದಿಗೆ ಕುಳಿತಿದ್ದರು. ರಜೆಯ ದಿನವೇ ಇದಕ್ಕೆ ಹೋಯಿತೆಂಬ ಗೊಣಗಾಟವೂ ಇತ್ತು. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಗುತ್ತಿಗೆ ಕಾರ್ಮಿಕರನ್ನು ಕರೆದೊಯ್ಯದಿರುವುದು. ಯಂತ್ರದ ಮುಂದೆ ನಿಲ್ಲುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅವರೇ. ಅವರನ್ನು ಬಿಟ್ಟು ಕಟ್ಟುವ ತಂಡ ಯಾವುದು?

ದಾಂಡೇಲಿ ಇದಕ್ಕಿಂತ ದುಬಾರಿ. ಬೆಂಗಳೂರಿನಿಂದ ರಾತ್ರಿ ಬಸ್ಸು, ಬೆಳಿಗ್ಗೆ ಗಣೇಶಗುಡಿಯ ಬಳಿ ಕಾಳಿ ನದಿಯಲ್ಲಿ ರಾಫ್ಟಿಂಗ್. ಮೇಲಿನ ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ಅವಲಂಬಿಸಿದ ಆಟ ಅದು. ನೀರು ಕಡಿಮೆ ಇದ್ದರೆ ಕಾಯಬೇಕು. ರಾಫ್ಟಿನೊಳಗೆ ಮಾತ್ರ ರೆಸಾರ್ಟಿನಲ್ಲಿ ಕಾಣದ್ದು ಕಂಡಿತು. ಸೆಳವು ಎದುರಾದಾಗ ಮಾರ್ಗದರ್ಶಿ ಹೇಳಿದಂತೆ ಎಲ್ಲರೂ ಒಟ್ಟಿಗೆ ಹುಟ್ಟು ಹಾಕಲೇಬೇಕು, ಅಲ್ಲಿ ಮ್ಯಾನೇಜರ್, ಟ್ರೈನಿ ಎಂಬ ಭೇದವಿಲ್ಲ. ಒಂದೇ ರಾಫ್ಟಿನಲ್ಲಿದ್ದವರು ಇಂದಿಗೂ ಒಬ್ಬರನ್ನೊಬ್ಬರು ಕಂಡರೆ ಹಲ್ಲುಬಿಟ್ಟು ನಗುತ್ತಾರೆ. ಹಾಗಿದ್ದರೂ ಇದಕ್ಕೆ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದವರು, ನೀರೆಂದರೆ ಹೆದರುವವರು, ರಾತ್ರಿ ತಂಗಲು ಮನೆಯಲ್ಲಿ ಒಪ್ಪದ ಹುಡುಗಿಯರು ಬರಲಿಲ್ಲ. ಸಂಜೆ ಗ್ಲಾಸುಗಳು ಹೊರಬಂದ ಮೇಲೆ ಕುಡಿಯದವರು ಕೋಣೆ ಸೇರಿಕೊಂಡರು. ಹೋದವರಲ್ಲಿ ಗಟ್ಟಿಯಾದ ಸ್ನೇಹ, ಹೋಗದವರು ಇನ್ನಷ್ಟು ಹೊರಗಾಗಲು ಕಾರಣವಾಯಿತು.

ಕ್ಯಾಂಟೀನಿನ ಪ್ರಯೋಗಕ್ಕೆ ಕಾಸೂ ಖರ್ಚಾಗಲಿಲ್ಲ. ಅಧಿಕಾರಿಗಳ ಪ್ರತ್ಯೇಕ ಊಟದ ಕೋಣೆಯನ್ನು ಮುಚ್ಚಿ ಎಲ್ಲರಿಗೂ ಒಂದೇ ಹಾಲ್ ಮಾಡಿದೆವು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೆವಿನ್ ನಿಫಿನ್ ಮತ್ತು ಸಂಗಡಿಗರು ಅಗ್ನಿಶಾಮಕ ಠಾಣೆಗಳನ್ನು ಅಭ್ಯಸಿಸಿ 2015ರಲ್ಲಿ ಬರೆದ ಪ್ರಬಂಧವೊಂದಿದೆ. ಒಟ್ಟಿಗೆ ಉಣ್ಣುವ ತಂಡಗಳ ಕೆಲಸಕ್ಕೆ ಅವರ ಮೇಲಧಿಕಾರಿಗಳು ಹೆಚ್ಚು ಅಂಕ ಕೊಟ್ಟಿದ್ದರು. ಒಟ್ಟಿಗೆ ಉಂಡದ್ದರಿಂದ ಕೆಲಸ ಚೆನ್ನಾಯಿತೋ, ಚೆನ್ನಾಗಿರುವ ತಂಡ ತಾನಾಗಿ ಒಟ್ಟಿಗೆ ಉಣ್ಣುತ್ತದೋ ಎಂದು ಕೇಳಬಹುದು, ಕೇಳಲೂಬೇಕು. ನಮ್ಮಲ್ಲಿ ಯಾರ ಪಕ್ಕ ಯಾರು ಕೂರಬೇಕೆಂದು ಎಚ್‌.ಆರ್. ಚೀಟಿ ಅಂಟಿಸಿದ್ದು ವಾರದೊಳಗೆ ಬಿದ್ದುಹೋಯಿತು. ಚೀಟಿಯಿಲ್ಲದ ಹಾಲ್ ಉಳಿಯಿತು. ಮುದ್ದೆ ಇರುವ ದಿನ ಸಾಲು ಉದ್ದವಿರುತ್ತದೆ, ನಿಂತಲ್ಲೇ ಅರ್ಧ ಕೆಲಸದ ಮಾತು ಮುಗಿಯುತ್ತದೆ. ಫಲ ನಿಧಾನ, ಆದರೆ ಗುತ್ತಿಗೆಯವರೂ ಆ ಸಾಲಿನಲ್ಲಿದ್ದಾರೆ. ಹಾಗೆ ನೋಡಿದರೆ ಯಂತ್ರ ತೊಳೆದು, ಕುಂಬಳಕಾಯಿ ಒಡೆದು, ಕಡಲೆಪುರಿ ಹಂಚುವ ಆಯುಧಪೂಜೆಯ ದಿನದಷ್ಟು ಎಲ್ಲರನ್ನೂ ಒಳಗೊಳ್ಳುವ ದಿನ ನಮ್ಮಲ್ಲಿ ಇನ್ನೊಂದಿಲ್ಲ. ಅದನ್ನು ಯಾರೂ ಟೀಮ್ ಬಿಲ್ಡಿಂಗ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೆ.

ಇನ್ನು ನನ್ನ ಆಯ್ಕೆ: ಜಾಗ ಬದಲಾವಣೆಯ ಅರ್ಧ ದಿನ. ಸಿ.ಎನ್.ಸಿ. (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳ ಆಪರೇಟರುಗಳು ತಪಾಸಣಾ ಕೊಠಡಿಯಲ್ಲಿ ಕೂರಬೇಕು, ತಪಾಸಕರು ಯಂತ್ರದ ಪಕ್ಕ ನಿಲ್ಲಬೇಕು. ಕೊನೆಯ ಒಂದು ಗಂಟೆ ಎಲ್ಲರೂ ಸೇರಿ, ಯಾರಿಂದ ಯಾರಿಗೆ ಏನು ಯಾವಾಗ ಬೇಕೆಂದು ಒಂದೇ ಹಾಳೆಯಲ್ಲಿ ಬರೆಯಬೇಕು. ನಮ್ಮಲ್ಲಿ ಒಂದು ಅಲ್ಯುಮಿನಿಯಂ ಹೌಸಿಂಗ್, ಅಂದರೆ ಹೊರಕವಚದ ಭಾಗ, ಇತ್ತು. ಅದರ 100 ಮಿಲಿಮೀಟರ್ ಬೋರ್‌ಗೆ (ಒಳಗಿನ ದುಂಡು ರಂಧ್ರಕ್ಕೆ) ಡ್ರಾಯಿಂಗ್ ಕೊಟ್ಟಿದ್ದ ಅವಕಾಶ, ಅಂದರೆ ಅಳತೆಯಲ್ಲಿ ಒಪ್ಪಬಹುದಾದ ಏರುಪೇರು, 35 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಆಪರೇಟರ್ ಅಳೆದಾಗ ಸರಿ, ತಪಾಸಣೆಯಲ್ಲಿ ಅಳೆದಾಗ ಬೋರ್ ಚಿಕ್ಕದು. ‘ಅವರಿಗೆ ಬೇಕೆಂದೇ ರಿಜೆಕ್ಟ್ ಮಾಡುವ ಚಟ’ ಎಂದು ಒಂದು ಕಡೆ, ‘ಅವರಿಗೆ ಗೇಜ್ ಹಿಡಿಯಲು ಬರುವುದಿಲ್ಲ’ ಎಂದು ಇನ್ನೊಂದು ಕಡೆ.

ಎರಡೂ ಕಡೆಯವರು ಒಂದೇ ಹೌಸಿಂಗ್ ಹಿಡಿದು ಯಂತ್ರದಿಂದ ತಪಾಸಣಾ ಕೊಠಡಿಗೆ ನಡೆದ ದಿನ ಸಂಗತಿ ಬಯಲಾಯಿತು. ಯಂತ್ರದಿಂದ ಇಳಿಸಿದ ಕೂಡಲೇ ಬಿಸಿಬಿಸಿಯಾಗಿ ಅಳೆಯುತ್ತಿದ್ದವರು ಆಪರೇಟರುಗಳು. ತಪಾಸಣಾ ಕೊಠಡಿಯ ಉಷ್ಣತೆ 20 ಡಿಗ್ರಿ, ಅಳತೆಗೆ ಜಗತ್ತೇ ಒಪ್ಪಿರುವ ಉಷ್ಣತೆ ಅದು. ಹತ್ತು ಡಿಗ್ರಿ ಹೆಚ್ಚು ಬಿಸಿಯಿರುವ ಅಲ್ಯುಮಿನಿಯಂನಲ್ಲಿ 100 ಮಿಲಿಮೀಟರ್ ಬೋರ್ ಸುಮಾರು 23 ಮೈಕ್ರಾನ್ ಹಿಗ್ಗಿರುತ್ತದೆ. ಇದ್ದ 35ರಲ್ಲಿ 23 ಅಲ್ಲಿಗೇ ಹೋಯಿತು! ಅಂದಿನಿಂದ ಹೌಸಿಂಗ್ ತಣಿದ ಮೇಲಷ್ಟೇ ಅಳೆಯುವ ನಿಯಮ ಬಂತು, ಆ ಭಾಗದ ಕುರಿತ ಇ-ಮೇಲ್ ಸಮರ ನಿಂತಿತು. ಕಣ್ಣುಮುಚ್ಚಿ ಒಬ್ಬರ ತೋಳಿಗೆ ಒಬ್ಬರು ಎಷ್ಟು ಸಲ ಬಿದ್ದಿದ್ದರೂ ಈ 23 ಮೈಕ್ರಾನ್ ಕೈಗೆ ಸಿಗುತ್ತಿರಲಿಲ್ಲ.

ಸಂಶೋಧಕರ ಅನುಭವವೂ ಇದಕ್ಕೆ ಹತ್ತಿರವಿದೆ. ಎಡ್ವರ್ಡೊ ಸಲಾಸ್ ಮತ್ತು ಸಂಗಡಿಗರು 1999ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಟೀಮ್ ಬಿಲ್ಡಿಂಗ್‌ನಿಂದ ಕೆಲಸದ ಗುಣಮಟ್ಟದಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಒಟ್ಟಾರೆಯಾಗಿ ಕಾಣಲಿಲ್ಲ. ಯಾರ ಪಾತ್ರ ಏನೆಂಬುದನ್ನು ತಿಳಿಗೊಳಿಸುವ ಬಗೆಯಲ್ಲಿ ಮಾತ್ರ ಫಲ ಕಂಡಿತ್ತು. 2009ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆ ಹೆಚ್ಚು ಉದಾರವಾಗಿತ್ತು. ಅದರಲ್ಲೂ ಗುರಿ ನಿಗದಿ ಮತ್ತು ಪಾತ್ರದ ಸ್ಪಷ್ಟತೆಗಳೇ ಮುಂದಿದ್ದವು.

ಹಾಗೆಂದು ರೆಸಾರ್ಟ್ ಬೇಡವೆನ್ನುವ ಸನ್ಯಾಸಿ ನಾನಲ್ಲ. ವರ್ಷವಿಡೀ ದುಡಿದವರಿಗೆ ಒಂದು ದಿನದ ಮೋಜು ಸಲ್ಲಲೇಬೇಕು. ಅದನ್ನು ಬೋನಸ್ಸಿನಂತೆ ಕೊಡಲಿ, ಗುತ್ತಿಗೆಯವರನ್ನೂ ಮನೆಯವರನ್ನೂ ಕರೆಯಲಿ, ಕೆಲಸದ ದಿನವೇ ಇರಲಿ. ಮೈಕ್ ಹಿಡಿದವರ ಶುಲ್ಕ ಉಳಿಸಿ ಊಟಕ್ಕೆ ಹಾಕಲಿ. ದಾಂಡೇಲಿಗೆ ಇಷ್ಟವಿದ್ದವರು ಸ್ವಂತ ಖರ್ಚಿನಲ್ಲಿ ಹೋಗಿಬರಲಿ, ಬೇಕಾದರೆ ಕಂಪನಿ ಬಸ್ಸು ಕೊಡಲಿ. ಜಾಗ ಬದಲಾವಣೆಯನ್ನು ಮೂರು ತಿಂಗಳಿಗೊಮ್ಮೆ ಮಾಡಬೇಕು, ಈ ಬಾರಿ ಖರೀದಿ ಮತ್ತು ಸ್ಟೋರ್ಸ್ ಸರದಿ.

ಇದು ಬಿಟ್ಟಿಯೇನಲ್ಲ ಎಂಬುದನ್ನೂ ಹೇಳಬೇಕು. ಅರ್ಧ ದಿನ ಯಂತ್ರ ನಿಂತರೆ ಆ ಉತ್ಪಾದನೆಯನ್ನು ಓವರ್‌ಟೈಮ್‌ನಲ್ಲಿ ತುಂಬಬೇಕು, ಕಾನೂನಿನಂತೆ ಅದಕ್ಕೆ ಎರಡು ಪಟ್ಟು ಕೂಲಿ. ಆ ಮೊತ್ತವನ್ನು ಟೀಮ್ ಬಿಲ್ಡಿಂಗ್ ಸಾಲಿನಿಂದ ಕೊಡಿ ಎಂದು ಬರೆದಿದ್ದೇನೆ. ಅದು ಉತ್ಪಾದನಾ ವೆಚ್ಚಕ್ಕೆ ಸೇರಬೇಕೆಂದು ಲೆಕ್ಕಪತ್ರ ವಿಭಾಗದವರು ಕಡತವನ್ನು ಹಿಂದಕ್ಕೆ ಕಳಿಸಿದ್ದಾರೆ.