ಜಪಾನಿನ ಹಳೆಯ ನಾಕಾಸೆಂಡೊ ದಾರಿಯ ಚಿತ್ರಗಳಿಗೆ ಮರದಚ್ಚೋ, ಲಿನೊ ಅಚ್ಚೋ?

ಆ ದಾರಿಯಲ್ಲಿ ಮಾಗೊಮೆ ಊರಿನಿಂದ ತ್ಸುಮಾಗೊ ಊರಿನವರೆಗಿನ ಸುಮಾರು 8 ಕಿಲೋಮೀಟರ್ ನಡೆದು ತಂದ ಸ್ಕೆಚ್‌ಗಳನ್ನು ಅಚ್ಚಿಗಿಳಿಸಬೇಕು, ಅಲ್ವಾ? ಖರ್ಚು, ಸುಲಭ ಎರಡರಲ್ಲೂ ಲಿನೊ, ಅಂದರೆ ಲಿನೋಲಿಯಂ ಹಾಳೆ, ಮುಂದು. ಅದು ಮೆತ್ತಗಿರುತ್ತದೆ, ಯಾವ ದಿಕ್ಕಿಗಾದರೂ ಕೆತ್ತಬಹುದು. ಮರದಲ್ಲಿ ಎಳೆ ಅಡ್ಡ ಬರುತ್ತದೆ. ಉಳಿ ಮೊಂಡಾದರೆ ಗೆರೆ ಸಿಗಿದೇ ಹೋಗುತ್ತದೆ.

ಆದರೆ ನಿಮಗೆ ಬೇಕಿರುವುದು ಈ ದಾರಿ ಹಾಯುವ ಕಿಸೊ ಕಣಿವೆಯ ಮಂಜಾದರೆ ಮಾತೇ ಬೇರೆ. 1830ರ ದಶಕದಲ್ಲಿ ಮರದಚ್ಚಿನ ಕಲಾವಿದ ಹಿರೊಶಿಗೆ ತೊಕೈದೊ ಎಂಬ ಇನ್ನೊಂದು ಹಳೆಯ ದಾರಿಯ ಬಗ್ಗೆ ಮಾಡಿದ 55 ಹಾಳೆಗಳ ಸರಣಿಯಲ್ಲಿ ಶೋನೊ ಊರಿನ ಮಳೆಯನ್ನು ನೋಡಿ. ಗಾಳಿಗೆ ಬಾಗಿದ ತೋಪು ಹಿಂದಕ್ಕೆ ಹೋದಷ್ಟೂ ಮಸುಕಾಗುತ್ತದೆ. ಒದ್ದೆ ಹಲಗೆಯ ಮೇಲೆ ನೀರಿನ ಬಣ್ಣವನ್ನು ಬ್ರಷ್‌ನಿಂದ ಸವರಿ ತೆಳುವಾಗಿಸುವ ಬೊಕಾಶಿ ವಿಧಾನ ಇಂಥ ಕಡೆ ಕೆಲಸಕ್ಕೆ ಬರುತ್ತದೆ. ಲಿನೊ ಮೇಲೆ ರೋಲರ್‌ನಲ್ಲಿ ಎಣ್ಣೆ ಶಾಯಿಯ ಎರಡು ಬಣ್ಣ ಬೆರೆಸಬಹುದು, ಆ ತೇವದ ಮೃದುತ್ವ ಮಾತ್ರ ಸಿಗದು.

ಬಾಳಿಕೆಗೆ ಗಟ್ಟಿ ಚೆರ್ರಿ ಹಲಗೆ. ಲಿನೊ ಹಳತಾದರೆ ಪುಡಿಯಾಗುತ್ತದೆ. ಪ್ರೆಸ್ ಎರಡಕ್ಕೂ ಬೇಕಿಲ್ಲ, ಕೈಯಲ್ಲೇ ಉಜ್ಜಬಹುದು.

ದಪ್ಪ ಗೆರೆಯ ಹಂಚಿನ ಮನೆಗಳು, ಒಂದೆರಡು ಬಣ್ಣ, ಮೊದಲ ಪ್ರಯತ್ನ ಎಂದರೆ ಲಿನೊ ಸಾಕು. ಮಂಜು, ಮುಸ್ಸಂಜೆ, ಜೊತೆಗೆ ತಾಳ್ಮೆಯೂ ಇದ್ದರೆ ಮರ ಹಿಡಿಯಿರಿ.